‘ಸ್ಟಾರ್ಟ್’ ಇಲ್ಲದ ವಿಂಡೋಸ್: ಶಿಕಾಗೋ ಬಿಲ್ಡ್ 58ಎಸ್

ಮೈಕ್ರೋಸಾಫ್ಟ್ ಕಂಪನಿ 1995ರ ಆಗಸ್ಟ್ 24ರಂದು ವಿಂಡೋಸ್ 95 ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ಆಪರೇಟಿಂಗ್ ಸಿಸ್ಟಂಗೆ, ಅದು ಇನ್ನೂ ತಯಾರಾಗುತ್ತಿದ್ದ ಕಾಲದಲ್ಲಿ, ‘ಶಿಕಾಗೋ’ ಎಂಬ ಸಂಕೇತನಾಮವಿತ್ತು. ಆ ಶಿಕಾಗೋದ ಆರಂಭದ ರೂಪಗಳಲ್ಲಿ ಒಂದು 1993ರ ಆಗಸ್ಟ್ ತಿಂಗಳ ಬಿಲ್ಡ್ 58ಎಸ್. ಬಿಲ್ಡ್ ಎಂದರೆ ತಯಾರಿಯ ನಡುವೆ ಆಗಾಗ ಕಟ್ಟಿ ನೋಡುವ ಆವೃತ್ತಿ. ಅಂಗಡಿಯಲ್ಲಿ ಎಂದೂ ಮಾರಾಟವಾಗದ, ಪರೀಕ್ಷಿಸುವವರಿಗಷ್ಟೇ ಮೀಸಲಾಗಿದ್ದ ಈ ಆವೃತ್ತಿಯನ್ನು ಈ ಮಳೆಗಾಲದ ಎರಡು ವಾರ, ಹಾಸನದ ನಮ್ಮ ಮನೆಯ ಕೋಣೆಯಲ್ಲಿ ಕುಳಿತು, ಒಂದೊಂದು ಗುಂಡಿಯನ್ನೂ ಒತ್ತಿ ನೋಡಿದೆ. ಅದರ ವಿಮರ್ಶೆ ಇದು. ಕೊಳ್ಳಲಾಗದ ವಸ್ತುವಿಗೆ ವಿಮರ್ಶೆ ಏಕೆಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಇಂದು ನಾವೆಲ್ಲ ಯೋಚಿಸದೆ ಬಳಸುವ ಪರದೆ ಹೀಗೇ ಏಕಿದೆ ಎಂಬುದು, ಅದು ಹೀಗಿರದಿದ್ದ ಕಾಲದ ಒಂದು ಪ್ರತಿಯನ್ನು ಬಳಸಿದಾಗ ತಿಳಿಯುವಷ್ಟು ಚೆನ್ನಾಗಿ ಬೇರೆ ಯಾವುದರಿಂದಲೂ ತಿಳಿಯುವುದಿಲ್ಲ.

ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಲು ಕಾರಣ ನನ್ನ ವೃತ್ತಿ. 1994ರಿಂದ ಹನ್ನೆರಡು ವರ್ಷ ಸಾಲಗಾಮೆ ರಸ್ತೆಯ ಮಹಡಿಯೊಂದರ ಮೇಲಿದ್ದ ಸಣ್ಣ ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಕಲಿಸಿದವಳು ನಾನು. ಮೊದಲು ಅಲ್ಲಿ ಟೈಪ್‌ರೈಟಿಂಗ್ ಮತ್ತು ಶಾರ್ಟ್‌ಹ್ಯಾಂಡ್ ಕಲಿಸುತ್ತಿದ್ದರು. ಟೈಪ್‌ರೈಟರ್‌ಗಳ ಸಾಲನ್ನು ಒಂದು ಗೋಡೆಗೆ ಸರಿಸಿ, ಎದುರು ಗೋಡೆಗೆ 4 ಮೆಗಾಬೈಟ್ ಮೆಮೊರಿಯ ನಾಲ್ಕು 386 ಯಂತ್ರಗಳನ್ನು ಇಟ್ಟಿದ್ದರು. ಹಾಸನವೆಂದರೆ 1982ರಿಂದಲೂ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿರುವ, ಇನ್‌ಸ್ಯಾಟ್ ಉಪಗ್ರಹಗಳ ಮೇಲೆ ಹಗಲಿರುಳು ಕಣ್ಣಿಡುವ ಊರು. ಅದೇ ಊರಿನಲ್ಲಿ ನನ್ನ ಬಳಿ ಬರುತ್ತಿದ್ದವರು ಆಲೂಗಡ್ಡೆ ಮಂಡಿಯ ಗುಮಾಸ್ತರು, ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುವವರು, ಹತ್ತನೆಯ ತರಗತಿ ಮುಗಿಸಿ ಯಾವುದಾದರೂ ಕಚೇರಿ ಸೇರುವ ಆಸೆ ಹೊತ್ತ ಹೆಣ್ಣುಮಕ್ಕಳು. ಇವರಲ್ಲಿ ಬಹುಪಾಲು ಜನ ಮೌಸ್ ಎಂಬುದನ್ನು ಮೊದಲ ಬಾರಿ ಮುಟ್ಟಿದ್ದು ನನ್ನ ಎದುರಿಗೇ.

ಅವರು ಕಲಿತದ್ದು ವಿಂಡೋಸ್ 3.1ರ ಮೇಲೆ. 1992ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಆ ಆವೃತ್ತಿಯಲ್ಲಿ ಪ್ರೋಗ್ರಾಂ ಮ್ಯಾನೇಜರ್ ಎಂಬ ಒಂದು ದೊಡ್ಡ ಕಿಟಕಿ, ಅದರೊಳಗೆ ಗುಂಪುಗಳ ಸಣ್ಣ ಕಿಟಕಿಗಳು, ಅವುಗಳೊಳಗೆ ಚಿತ್ರಗಳು. ಚಿತ್ರದ ಮೇಲೆ ಬೇಗಬೇಗ ಎರಡು ಬಾರಿ ಕ್ಲಿಕ್ ಮಾಡಿದರೆ ಮಾತ್ರ ಕೆಲಸ ಶುರು. ಈ ಡಬಲ್ ಕ್ಲಿಕ್ ಕಲಿಸಲು ನಾನು ಪಟ್ಟ ಪಾಡು ಹೇಳತೀರದು. ಎರಡು ಕ್ಲಿಕ್‌ಗಳ ನಡುವೆ ಮೌಸ್ ಕೊಂಚ ಜರುಗಿದರೂ ಚಿತ್ರ ಪಕ್ಕಕ್ಕೆ ಸರಿಯುತ್ತಿತ್ತೇ ಹೊರತು ತೆರೆಯುತ್ತಿರಲಿಲ್ಲ. ಕೊನೆಗೆ ಮೇಜಿನ ಮೇಲೆ ಬೆರಳಿನಿಂದ ‘ತಕ, ತಕ’ ಎಂದು ತಾಳ ಹಾಕಿಸಿ, ಆ ಲಯ ಕೈಗೆ ಹತ್ತಿದ ಮೇಲೆಯೇ ಮೌಸ್ ಹಿಡಿಸುತ್ತಿದ್ದೆ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಕಿಟಕಿಯೊಂದನ್ನು ಕಿರಿದು ಮಾಡಿದರೆ ಅದು ಪರದೆಯ ಕೆಳಗೆ ಪುಟ್ಟ ಚಿತ್ರವಾಗಿ ಕುಳಿತುಕೊಳ್ಳುತ್ತಿತ್ತು, ಆದರೆ ಮೇಲೆ ಹರಡಿಕೊಂಡಿದ್ದ ಇನ್ನೊಂದು ಕಿಟಕಿ ಆ ಚಿತ್ರವನ್ನು ಮುಚ್ಚಿಬಿಡುತ್ತಿತ್ತು. “ಮೇಡಂ, ಇಷ್ಟೊತ್ತು ಬರೆದಿದ್ದ ಲೆಕ್ಕ ಎಲ್ಲೋ ಹೊರಟುಹೋಯ್ತಲ್ಲ” ಎಂದು ಮಂಡಿಯ ಹಿರಿಯ ಗುಮಾಸ್ತರೊಬ್ಬರು ಎದ್ದು ನಿಂತ ದೃಶ್ಯ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಲೆಕ್ಕ ಎಲ್ಲಿಗೂ ಹೋಗಿರಲಿಲ್ಲ, ಹಿಂದೆ ಅಡಗಿತ್ತು. ಅದು ತಿಳಿಯದೆ ಅವರು ಅದೇ ಪ್ರೋಗ್ರಾಂ ಅನ್ನು ಮತ್ತೆ ಮತ್ತೆ ತೆರೆದು, 4 ಮೆಗಾಬೈಟ್ ಮೆಮೊರಿ ತುಂಬಿ, ಯಂತ್ರ ತೆವಳತೊಡಗುತ್ತಿತ್ತು. ಅವರು ದಡ್ಡರಾಗಿರಲಿಲ್ಲ; ಬೆಳಿಗ್ಗೆಯಿಂದ ಸಂಜೆಯವರೆಗೆ ನೂರಾರು ಮೂಟೆಗಳ ತೂಕ, ಕಮಿಷನ್, ಹಮಾಲಿ ಎಲ್ಲವನ್ನೂ ಬಾಯಲ್ಲೇ ಲೆಕ್ಕ ಹಾಕಬಲ್ಲವರಾಗಿದ್ದರು.

ಬಿಲ್ಡ್ 58ಎಸ್ ನನ್ನ ಕೈ ಸೇರಿದ್ದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆಯುತ್ತಿದ್ದು ಈಗ ನಿವೃತ್ತರಾಗಿ ಊರಿಗೆ ಬಂದಿರುವ ಹಳೆಯ ಪರಿಚಿತರೊಬ್ಬರಿಂದ. ಅವರು ತಮ್ಮಲ್ಲಿದ್ದ ಪ್ರತಿಯನ್ನು ನೋಡಲು ಕೊಟ್ಟರು, ನೋಡಿ ಹಿಂದಿರುಗಿಸಿದ್ದೇನೆ. ಇದರ ಮೇಲಿನ ಹಕ್ಕು ಇಂದಿಗೂ ಮೈಕ್ರೋಸಾಫ್ಟ್‌ನದ್ದೇ, ಇದನ್ನು ಹಂಚಲು ಯಾರಿಗೂ ಅನುಮತಿಯಿಲ್ಲ. ಆದ್ದರಿಂದ ಎಲ್ಲಿ ಸಿಗುತ್ತದೆಂದು ದಯವಿಟ್ಟು ನನ್ನನ್ನು ಕೇಳಬೇಡಿ.

ಅದನ್ನು ನಡೆಸುವುದೇ ಮೊದಲ ಪರೀಕ್ಷೆ. ಇಂದಿನ ಲ್ಯಾಪ್‌ಟಾಪ್‌ನ ಸಾಮಾನ್ಯ ವರ್ಚುವಲ್ ಯಂತ್ರದಲ್ಲಿ (ಕಂಪ್ಯೂಟರಿನೊಳಗೆ ತಂತ್ರಾಂಶವೇ ಕಟ್ಟುವ ಇನ್ನೊಂದು ಕಂಪ್ಯೂಟರಿನಲ್ಲಿ) ಈ ಕಾಲದ ವಿಂಡೋಸ್ ಅನ್ನು ಹಾಕಲು ಹೊರಟರೆ ಬಹಳ ಸಲ ಅದು ಏಳುವ ಮೊದಲೇ ಬಿದ್ದುಹೋಗುತ್ತದೆ. ಕಾರಣ ವಿಚಿತ್ರವೆನಿಸಿದರೂ ಸರಳವಾದದ್ದು: ಪ್ರೊಸೆಸರ್ ಎಷ್ಟು ವೇಗದ್ದೆಂದು ತಿಳಿಯಲು ಆ ಕಾಲದ ಕೆಲವು ಡ್ರೈವರ್‌ಗಳು (ಯಂತ್ರದ ಭಾಗಗಳನ್ನು ನಡೆಸುವ ಸಣ್ಣ ತಂತ್ರಾಂಶಗಳು) ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿ, ಅದಕ್ಕೆ ಹಿಡಿದ ಸಮಯದಿಂದ ಭಾಗಿಸುತ್ತಿದ್ದವು. ಪ್ರೊಸೆಸರ್ ಅತಿ ವೇಗದ್ದಾದರೆ ಹಿಡಿದ ಸಮಯ ಸೊನ್ನೆ ಎಂದು ಬರುತ್ತದೆ, ಸೊನ್ನೆಯಿಂದ ಭಾಗಿಸಲು ಹೋಗಿ ಎಲ್ಲವೂ ನಿಂತುಹೋಗುತ್ತದೆ. ಬಿಡುಗಡೆಯಾದ ವಿಂಡೋಸ್ 95ರಲ್ಲೂ 350 ಮೆಗಾಹರ್ಟ್ಸ್ ಮತ್ತು ಅದಕ್ಕೂ ಹೆಚ್ಚು ವೇಗದ ಎಎಂಡಿ ಕೆ6-2 ಪ್ರೊಸೆಸರ್‌ಗಳ ಮೇಲೆ ಇದೇ ತೊಂದರೆ ಕಾಣಿಸಿಕೊಂಡು, ಮುಂದೆ ಅದಕ್ಕೊಂದು ತೇಪೆ ಹಾಕಬೇಕಾಯಿತು. ಮೆಮೊರಿ ಹೆಚ್ಚಾದರೂ ಕಷ್ಟವೇ. 512 ಮೆಗಾಬೈಟ್ ದಾಟಿದರೆ ವಿಂಡೋಸ್ 95 ತನ್ನ ಕ್ಯಾಷ್ ಅನ್ನು, ಅಂದರೆ ಓದಿದ್ದನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಮೆಮೊರಿಯ ಭಾಗವನ್ನು, ನಿಭಾಯಿಸಲಾಗದೆ ಮುಗ್ಗರಿಸುತ್ತದೆ. ಹಾಗಾಗಿ ಹಳೆಯ ಯಂತ್ರವನ್ನು ಮದರ್‌ಬೋರ್ಡ್‌ನಿಂದ ಹಿಡಿದು ಗ್ರಾಫಿಕ್ಸ್ ಕಾರ್ಡ್‌ವರೆಗೆ ಅನುಕರಿಸುವ 86ಬಾಕ್ಸ್ ಎಂಬ ಉಚಿತ ತಂತ್ರಾಂಶವನ್ನು ಬಳಸಿದೆ. ಅದರಲ್ಲಿ 66 ಮೆಗಾಹರ್ಟ್ಸ್‌ನ ಒಂದು 486 ಪ್ರೊಸೆಸರ್, 8 ಮೆಗಾಬೈಟ್ ಮೆಮೊರಿ ಎಂದು ಹೊಂದಿಸಿ, ಮುನ್ನೆಚ್ಚರಿಕೆಗಾಗಿ ಗಡಿಯಾರವನ್ನೂ 1993ಕ್ಕೆ ಹಿಂದೆ ತಿರುಗಿಸಿಕೊಂಡೆ. ಎರಡು ಬಾರಿ ಸೆಟಪ್ ಅರ್ಧದಲ್ಲೇ ನಿಂತಿತು. ಮೂರನೆಯ ಬಾರಿ, ಗ್ರಾಫಿಕ್ಸ್ ಕಾರ್ಡನ್ನು ಬದಲಾಯಿಸಿದ ಮೇಲೆ, ಪರದೆ ತೆರೆದುಕೊಂಡಿತು.

ತೆರೆದುಕೊಂಡ ಪರದೆಯನ್ನು ಕಂಡು ಸುಮಾರು ಹೊತ್ತು ಕೈ ಆಡಿಸದೆ ಕುಳಿತಿದ್ದೆ. ಪ್ರೋಗ್ರಾಂ ಮ್ಯಾನೇಜರ್ ಕಣ್ಣೆದುರಿಗಿಲ್ಲ. ಚಿತ್ರಗಳು ಪೆಟ್ಟಿಗೆಯಿಂದ ಹೊರಬಂದು ಪರದೆಯ ಮೇಲೆಯೇ ಕುಳಿತಿವೆ. ಕೆಳಗಡೆ ಬೂದು ಬಣ್ಣದ ಪಟ್ಟಿಯೊಂದು ಬಂದಿದೆ. ಆದರೆ ಆ ಪಟ್ಟಿಯ ಎಡತುದಿಯಲ್ಲಿ, ಮೂವತ್ತು ವರ್ಷಗಳಿಂದ ನನ್ನ ಕಣ್ಣು ತಾನಾಗಿ ಹೋಗಿ ನಿಲ್ಲುವ ಜಾಗದಲ್ಲಿ, ‘ಸ್ಟಾರ್ಟ್’ ಎಂಬ ಪದವಿಲ್ಲ. ಅದರ ಬದಲು ಒಂದರ ಪಕ್ಕ ಒಂದರಂತೆ ಮೂರು ಸಣ್ಣ ಗುಂಡಿಗಳಿವೆ. ಮೊದಲನೆಯದು ವಿಂಡೋಸ್ ಲಾಂಛನದ್ದು, ಎರಡನೆಯದು ಹುಡುಕಲು, ಮೂರನೆಯದು ಪ್ರಶ್ನಾರ್ಥಕ ಚಿಹ್ನೆ ಹೊತ್ತ ಸಹಾಯದ ಗುಂಡಿ. ಯಾವುದರ ಮೇಲೂ ಅಕ್ಷರವಿಲ್ಲ. ಕಟ್ಟಿದವರಿಗೆ ಇವುಗಳ ಹೆಸರು ಸಿಸ್ಟಂ, ಫೈಂಡ್, ಹೆಲ್ಪ್. ಎದುರು ಕುಳಿತವರಿಗೆ ಇವು ಮೂರು ಚಿತ್ರಗಳು ಮಾತ್ರ.

ಈ ಮೂರು ಗುಂಡಿಗಳು ನನ್ನ ಮಟ್ಟಿಗೆ ಇಡೀ 58ಎಸ್‌ನ ತಿರುಳು. ಯೋಚನೆಯಾಗಿ ಅದು ತಪ್ಪೇನೂ ಅಲ್ಲ. ಯಂತ್ರಕ್ಕೆ ಸಂಬಂಧಿಸಿದ್ದು ಒಂದೆಡೆ, ಹುಡುಕುವುದು ಒಂದೆಡೆ, ನೆರವು ಒಂದೆಡೆ ಎಂದು ಹಂಚಿರುವುದರಲ್ಲಿ ಅಚ್ಚುಕಟ್ಟಿದೆ. ಆದರೆ ಅದು ಕಂಪ್ಯೂಟರ್ ಅನ್ನು ಒಳಗಿನಿಂದ ಬಲ್ಲವನ ಅಚ್ಚುಕಟ್ಟು. ಹೊಸಬರು ಪರದೆಯ ಎದುರು ಕುಳಿತಾಗ ಅವರ ಮನಸ್ಸಿನಲ್ಲಿ ಇರುವುದು ಒಂದೇ ಪ್ರಶ್ನೆ, ‘ಈಗ ಎಲ್ಲಿಂದ ಶುರು ಮಾಡಲಿ’ ಎಂಬುದು. ಆ ಪ್ರಶ್ನೆಗೆ ಈ ಮೂರು ಗುಂಡಿಗಳಲ್ಲಿ ಯಾವುದೂ ಉತ್ತರ ಕೊಡುವುದಿಲ್ಲ.

ಹಾಗಾದರೆ ಪತ್ರ ಬರೆಯುವ ತಂತ್ರಾಂಶವನ್ನೋ ಲೆಕ್ಕದ ಯಂತ್ರವನ್ನೋ (ಪರದೆಯ ಮೇಲಿನ ಕ್ಯಾಲ್ಕ್ಯುಲೇಟರ್) ತೆರೆಯುವುದು ಹೇಗೆ? ಪರದೆಯ ಮೇಲಿನ ಪ್ರೋಗ್ರಾಂಗಳ ಫೋಲ್ಡರ್ ಅನ್ನು ಡಬಲ್ ಕ್ಲಿಕ್ ಮಾಡಿ ತೆರೆದು, ಒಳಗೆ ಬೇಕಾದ ಚಿತ್ರವನ್ನು ಹುಡುಕಿ, ಅದನ್ನು ಮತ್ತೆ ಡಬಲ್ ಕ್ಲಿಕ್ ಮಾಡಬೇಕು. ನನ್ನ ‘ತಕ, ತಕ’ ತಾಳದಿಂದ ಇಲ್ಲೂ ಬಿಡುಗಡೆಯಿಲ್ಲ. ಪೆಟ್ಟಿಗೆಯ ಹೆಸರು ಬದಲಾಗಿದೆ, ಕೀಲಿ ಅದೇ ಉಳಿದಿದೆ.

ಕೆಳಗಿನ ಪಟ್ಟಿಗೆ ಬಂದರೆ, ಅದರ ಹುಟ್ಟಿನ ಕಥೆಯೇ ಬೇರೆ. ನಾವು ಟಾಸ್ಕ್‌ಬಾರ್ ಎಂದು ಕರೆಯುವ ಈ ಪಟ್ಟಿಯನ್ನು ಅಂದು ‘ಟ್ರೇ’ ಎನ್ನುತ್ತಿದ್ದರು. ಕಚೇರಿಯ ಮೇಜಿನ ಡ್ರಾಯರ್ ಎಳೆದರೆ ಮುಂದುಗಡೆ ಪೆನ್ನು, ಗುಂಡುಸೂಜಿ, ರಬ್ಬರ್ ಹಾಕಿಡುವ ಒಂದು ತಟ್ಟೆ ಇರುತ್ತದಲ್ಲ, ಅಂಥ ತಟ್ಟೆ. ಕೈಗೆ ಬೇಕಾದುದನ್ನು ಎಳೆದು ತಂದು ಇದರಲ್ಲಿ ಇಟ್ಟುಕೊಳ್ಳಲಿ ಎಂಬುದು ಮೂಲ ಕಲ್ಪನೆಯಾಗಿತ್ತೆಂದು ಮೈಕ್ರೋಸಾಫ್ಟ್‌ನ ಹಿರಿಯ ತಂತ್ರಜ್ಞ ರೇಮಂಡ್ ಚೆನ್ ವಿವರಿಸಿದ್ದಾರೆ. ತೆರೆದಿರುವ ಪ್ರತಿಯೊಂದು ಕಿಟಕಿಗೂ ಅಲ್ಲಿ ಸದಾ ಕಾಣುವ ಒಂದು ಗುಂಡಿ ಇರಬೇಕೆಂಬ ನಿಯಮ ಗಟ್ಟಿಯಾಗಿ ನೆಲೆಯಾದದ್ದು ಆಮೇಲೆ. ಮಂಡಿಯ ಗುಮಾಸ್ತರ ‘ಹೊರಟುಹೋದ ಲೆಕ್ಕ’ಕ್ಕೆ ಮದ್ದು ಸಿಕ್ಕಿದ್ದು ಆ ನಿಯಮದಿಂದ. ಕಿಟಕಿ ಯಾವುದರ ಹಿಂದೆ ಅಡಗಿದರೂ ಅದರ ಹೆಸರು ಕೆಳಗೆ ಉಳಿಯುತ್ತದೆ ಎಂಬ ಒಂದೇ ಒಂದು ಭರವಸೆ, ನನ್ನ ತರಗತಿಯ ಅರ್ಧ ಗದ್ದಲವನ್ನು 1997ರಲ್ಲಿ ನಾವು ವಿಂಡೋಸ್ 95 ಹಾಕಿದ ವಾರವೇ ಅಡಗಿಸಿತು.

ಹೆಸರುಗಳು ಮಾತ್ರ ಸುಲಭವಾಗಿ ಸಾಯುವುದಿಲ್ಲ. ಇಂದಿನ ವಿಂಡೋಸ್ 11ರಲ್ಲೂ ಟಾಸ್ಕ್‌ಬಾರ್‌ನ ಒಳಹೆಸರು ‘ಶೆಲ್_ಟ್ರೇಡಬ್ಲ್ಯುಎನ್‌ಡಿ’. ಎಂದೋ ಕೈಬಿಟ್ಟ ಆ ತಟ್ಟೆ ಅದರಲ್ಲಿ ಇನ್ನೂ ಕುಳಿತಿದೆ. ಫೈಲ್ ಎಕ್ಸ್‌ಪ್ಲೋರರ್ ಕಿಟಕಿಯ ಒಳಹೆಸರು ‘ಕ್ಯಾಬಿನೆಟ್‌ಡಬ್ಲ್ಯುಕ್ಲಾಸ್’. ಶಿಕಾಗೋದ ಆರಂಭದ ಬಿಲ್ಡ್‌ಗಳಲ್ಲಿ ಎಕ್ಸ್‌ಪ್ಲೋರರ್‌ಗೆ ಇದ್ದ ಹೆಸರು ಕ್ಯಾಬಿನೆಟ್, ಅಂದರೆ ಕಚೇರಿಯ ಕಡತಗಳ ಕಪಾಟು. ತಾಲ್ಲೂಕು ಕಚೇರಿಯ ಕಬ್ಬಿಣದ ಕಪಾಟನ್ನು ಕಂಡವರಿಗೆಲ್ಲ ಪರಿಚಿತವಾದ ಹೋಲಿಕೆ.

58ಎಸ್‌ನ ಈ ಕಡತ ಕಪಾಟು ಎರಡು ಭಾಗದ ಕಿಟಕಿ: ಎಡಗಡೆ ಮರದ ಕೊಂಬೆಗಳಂತೆ ಇಳಿಯುವ ಫೋಲ್ಡರ್‌ಗಳ ಸಾಲು, ಬಲಗಡೆ ಆರಿಸಿದ ಫೋಲ್ಡರ್‌ನ ಒಳಗಿನದು. ಬಳಸಬಲ್ಲವರಿಗೆ ಇದು ಅತ್ಯುತ್ತಮ ಸಾಧನ. ನಾನೇ ಇದರಲ್ಲಿ ಬಹಳ ಹೊತ್ತು ಸಂತೋಷದಿಂದ ಅಡ್ಡಾಡಿದೆ. ಆದರೆ ಫೋಲ್ಡರ್ ಒಳಗೆ ಫೋಲ್ಡರ್, ಅದರೊಳಗೆ ಮತ್ತೊಂದು ಎಂಬ ಶ್ರೇಣಿ ಹೊಸಬರ ತಲೆಗೆ ಹತ್ತುವುದು ನಿಧಾನ ಎಂಬುದನ್ನು ಪಾಠ ಮಾಡಿದ ಯಾರೂ ಹೇಳಬಲ್ಲರು. ನಿಜವಾದ ಕಪಾಟಿನಲ್ಲಿ ಕಡತದೊಳಗೆ ಕಡತ, ಅದರೊಳಗೆ ಇನ್ನೊಂದು ಕಡತ ಇರುವುದಿಲ್ಲ. ಈ ಕ್ಯಾಬಿನೆಟ್ ಬಿಡುಗಡೆಯಾದ ವಿಂಡೋಸ್ 95ರಲ್ಲಿ ಎಕ್ಸ್‌ಪ್ಲೋರರ್ ಎಂಬ ಹೆಸರಿನಿಂದ ಉಳಿಯಿತಾದರೂ, ಹೊಸಬರ ಕಣ್ಣಿಗೆ ಮೊದಲು ಬೀಳುವ ‘ಮೈ ಕಂಪ್ಯೂಟರ್’ನಲ್ಲಿ ಎಡಬದಿಯ ಮರವನ್ನು ತೆಗೆದು ಒಂದೇ ಭಾಗದ ಸರಳ ಕಿಟಕಿಯನ್ನು ಇಟ್ಟರು. ಒಳ್ಳೆಯ ಸಾಧನವನ್ನು ಎಸೆಯದೆ, ಅದನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸಿದ ಈ ತೀರ್ಮಾನ ನನಗೆ ಬಹಳ ಮೆಚ್ಚುಗೆಯಾಯಿತು.

ಇನ್ನೊಂದು ಕೊರತೆ ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತದೆ. ಕಿಟಕಿಯ ಬಲಮೂಲೆಯಲ್ಲಿ ಮುಚ್ಚುವ ಗುಣಾಕಾರ ಚಿಹ್ನೆ ಇಲ್ಲ. ಇಲ್ಲಿರುವುದು 3.1ರ ಸಂಪ್ರದಾಯ: ಕಿರಿದು ಮಾಡುವುದು, ಹಿಗ್ಗಿಸುವುದು ಬಲಕ್ಕೆ, ಮುಚ್ಚಬೇಕಾದರೆ ಎಡಮೂಲೆಯನ್ನು ಆಶ್ರಯಿಸಬೇಕು. ಎರಡು ವಾರದಲ್ಲಿ ಎಷ್ಟು ಬಾರಿ ನನ್ನ ಕೈ ಬಲಮೂಲೆಗೆ ಹೋಗಿ, ಮುಚ್ಚುವ ಬದಲು ಹಿಗ್ಗಿಸಿತೋ ಲೆಕ್ಕವಿಲ್ಲ.

58ಎಸ್‌ನಿಂದ ಬಿಡುಗಡೆಯಾದ ರೂಪಕ್ಕೆ ಹೋಗುವ ದಾರಿಯಲ್ಲಿ ಏನಾಯಿತು ಎಂಬುದು ಊಹೆಯ ವಿಷಯವಲ್ಲ, ದಾಖಲಾಗಿದೆ. ವಿಂಡೋಸ್ 95ರ ಬಳಕೆದಾರ ಪರೀಕ್ಷೆಗಳಲ್ಲಿ ಕೆಲಸ ಮಾಡಿದ ಕೆಂಟ್ ಸಲಿವನ್ 1996ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಪ್ರಯೋಗಾಲಯದಲ್ಲಿ 64 ಸುತ್ತುಗಳಲ್ಲಿ 560 ಜನರನ್ನು ಕೂರಿಸಿ ನೋಡಲಾಯಿತು, 699 ಅವಲೋಕನಗಳನ್ನು ದಾಖಲಿಸಲಾಯಿತು, ಅವುಗಳಲ್ಲಿ 551 ತೊಡಕುಗಳು. ಮೊದಲ ವಿನ್ಯಾಸದಲ್ಲಿ ಜನ ಎಡವಿದ್ದು ಎಲ್ಲೆಲ್ಲಿ ಎಂದು ಓದಿದಾಗ ನನಗೆ ಮೈ ಜುಮ್ಮೆಂದಿತು: ಫೋಲ್ಡರ್‌ಗಳ ಶ್ರೇಣಿ ಅರ್ಥವಾಗದಿರುವುದು, ಕಿರಿದು ಮಾಡಿದ ಕಿಟಕಿ ಕಳೆದುಹೋಗುವುದು, ಡಬಲ್ ಕ್ಲಿಕ್ ಕೈಗೆ ಹತ್ತದಿರುವುದು. ಸಾಲಗಾಮೆ ರಸ್ತೆಯ ಮಹಡಿಯ ಮೇಲೆ ನಾನು ನೋಡುತ್ತಿದ್ದುದೂ ಇದನ್ನೇ. ಟಾಸ್ಕ್‌ಬಾರ್ ಮತ್ತು ಸ್ಟಾರ್ಟ್ ಮೆನುವಿನ ರೂಪಕರ್ತರಲ್ಲಿ ಒಬ್ಬರಾದ ಡ್ಯಾನಿ ಓರನ್ ಕಂಪ್ಯೂಟರ್ ತಂತ್ರಜ್ಞರಾಗಿ ಬೆಳೆದವರಲ್ಲ, ಮನುಷ್ಯರ ನಡವಳಿಕೆಯನ್ನು ಅಧ್ಯಯನ ಮಾಡಿ ಬಂದವರು. ಬೋಯಿಂಗ್ ವಿಮಾನ ಕಂಪನಿಯ ಇಂಜಿನಿಯರೊಬ್ಬರಿಗೆ ಹಳೆಯ ವಿಂಡೋಸ್‌ನಲ್ಲಿ ಪತ್ರ ಬರೆಯುವ ತಂತ್ರಾಂಶವನ್ನು ತೆರೆಯುವ ದಾರಿಯೇ ಕಾಣದೆ ಹೋದದ್ದನ್ನು ಅವರು ಎದುರೇ ಕಂಡಿದ್ದರು. ವಿಮಾನದ ಎಂಜಿನ್ ಬಲ್ಲವರಿಗೇ ಹೀಗಾದರೆ ಮಂಡಿಯ ಗುಮಾಸ್ತರನ್ನು ದೂರುವುದು ಯಾವ ನ್ಯಾಯ?

ಹೊಸಬರಿಗಾಗಿ ಬೇರೆಯದೇ ಒಂದು ಸರಳ ಪರದೆಯನ್ನು ಕೊಟ್ಟು, ಬಲ್ಲವರಿಗೆ ಪೂರ್ತಿ ಪರದೆಯನ್ನು ಕೊಡುವ ಆಲೋಚನೆಯನ್ನೂ ಆ ತಂಡ ಮಾಡಿತ್ತು, ಪರೀಕ್ಷಿಸಿ, ಕೈಬಿಟ್ಟಿತು. ಸರಳ ಪರದೆಯಲ್ಲಿ ಕಲಿತವರು ಮುಂದೊಂದು ದಿನ ಎಲ್ಲವನ್ನೂ ಮರೆತು ಹೊಸದಾಗಿ ಕಲಿಯಬೇಕಾಗುತ್ತದೆ ಎಂಬುದು ಅದಕ್ಕೊಂದು ಕಾರಣ. ಬೋಧಕಿಯಾಗಿ ನನಗೆ ಇದು ಇಡೀ ಕಥೆಯಲ್ಲೇ ಅತ್ಯಂತ ಘನವಾದ ನಿರ್ಧಾರವೆನಿಸುತ್ತದೆ. ಕಲಿಯುವವರನ್ನು ಬೇರೆ ಪಂಕ್ತಿಯಲ್ಲಿ ಕೂರಿಸದೆ, ಎಲ್ಲರಿಗೂ ಒಂದೇ ಎಲೆಯಲ್ಲಿ ಬಡಿಸಲು ಏನು ಮಾಡಬೇಕೆಂದು ಅವರು ಯೋಚಿಸಿದರು. ಮೂರು ಗುಂಡಿಗಳಲ್ಲಿ ಹುಡುಕುವುದು ಮತ್ತು ಸಹಾಯ ಎರಡೂ ಮೊದಲನೆಯದರೊಳಗೆ ಸೇರಿಕೊಂಡವು. ಉಳಿದ ಆ ಒಂದು ಗುಂಡಿಯನ್ನೂ ಜನ ಗಮನಿಸದೆ ಸುಮ್ಮನೆ ಕುಳಿತದ್ದನ್ನು ಕಂಡು ಅದರ ಮೇಲೆ ‘ಸ್ಟಾರ್ಟ್’ ಎಂದು ಬರೆದರು. ಅದೂ ಸಾಲದೆಂದು, ಯಂತ್ರ ಎದ್ದಾಗ ‘ಶುರು ಮಾಡಲು ಇಲ್ಲಿ ಕ್ಲಿಕ್ ಮಾಡಿ’ ಎಂಬ ಸಾಲು ಬಾಣದೊಡನೆ ಟಾಸ್ಕ್‌ಬಾರ್ ಮೇಲೆ ಓಡಿಬಂದು ಆ ಗುಂಡಿಗೆ ತಾಗುವಂತೆ ಮಾಡಿದರು. ಆ ಗುಂಡಿಗೆ ಒಂದೇ ಕ್ಲಿಕ್ ಸಾಕು. ತಾಳ ಬೇಕಿಲ್ಲ. ಮೆನುವಿನಲ್ಲಿ ಪ್ರೋಗ್ರಾಂ ಆರಿಸಲೂ ಒಂದೇ ಕ್ಲಿಕ್.

ಇವನ್ನೆಲ್ಲ ಕಾಗದದ ಮೇಲೆ ಓದುವುದು ಬೇರೆ, ಕಾಣುವುದು ಬೇರೆ ಎಂದು ನನ್ನ ಮೊದಲ ತಂಡದಲ್ಲಿ ಕಲಿತಿದ್ದ, ಈಗ ಎಪ್ಪತ್ತು ದಾಟಿರುವ ಅದೇ ಮಂಡಿಯ ಗುಮಾಸ್ತರನ್ನು ಒಂದು ಭಾನುವಾರ ಮನೆಗೆ ಕರೆದೆ. ಅವರೀಗ ಮೊಮ್ಮಗಳ ಲ್ಯಾಪ್‌ಟಾಪ್‌ನಲ್ಲಿ ಪಹಣಿ ನೋಡಿಕೊಳ್ಳುವಷ್ಟು ಪಳಗಿದ್ದಾರೆ. ಕಾಫಿ ಕೊಟ್ಟು, 58ಎಸ್ ಎದುರು ಕೂರಿಸಿ, “ಲೆಕ್ಕದ ಯಂತ್ರ ತೆಗೀರಿ ನೋಡೋಣ” ಎಂದೆ. ನೆರವಾಗಲಿಲ್ಲ. ಅವರ ಕೈ ನೇರವಾಗಿ ಎಡಮೂಲೆಗೆ ಹೋಯಿತು. ಲಾಂಛನವನ್ನು ಒತ್ತಿದರು, ಬಂದ ಪಟ್ಟಿಯಲ್ಲಿ ಬೇಕಾದದ್ದು ಕಾಣಲಿಲ್ಲ. ಪಕ್ಕದ ಎರಡು ಗುಂಡಿಗಳನ್ನೂ ಒತ್ತಿ ನೋಡಿದರು. ಆಮೇಲೆ ಕೈಯನ್ನು ಮೌಸ್‌ನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡು, “ಮೇಡಂ, ಇದ್ರಲ್ಲಿ ಶುರು ಮಾಡೋ ಜಾಗನೇ ಇಲ್ವಲ್ಲ” ಎಂದರು. ಪ್ರಯೋಗಾಲಯದ ಆ ಪ್ರಬಂಧವನ್ನು ಅವರು ಓದಿಲ್ಲ. ಅದರ ಸಾರವನ್ನು ಹೇಳಲು ಅವರಿಗೆ ಹಿಡಿದದ್ದು ಸುಮಾರು ನಾಲ್ಕು ನಿಮಿಷ. ಅನಂತರ ಪರದೆಯ ಮೇಲಿನ ಫೋಲ್ಡರ್ ಅವರ ಕಣ್ಣಿಗೆ ಬಿತ್ತು, ಡಬಲ್ ಕ್ಲಿಕ್ ಮಾಡುವ ಮೊದಲು ಬೆರಳು ಮೇಜಿನ ಮೇಲೆ ಒಮ್ಮೆ ತಾಳ ಹಾಕಿತು. ಅವರಿಗದು ಗೊತ್ತಾಯಿತೋ ಇಲ್ಲವೋ, ನಾನು ನೋಡಿದೆ.

‘ಸ್ಟಾರ್ಟ್’ ಎಂಬ ಉತ್ತರದಲ್ಲೂ ಕೊರತೆಯಿತ್ತು ಎಂಬುದನ್ನು ಹೇಳದೆ ಹೋದರೆ ವಿಮರ್ಶೆ ಅಪೂರ್ಣವಾಗುತ್ತದೆ. ಯಂತ್ರವನ್ನು ಬಂದ್ ಮಾಡಲೂ ‘ಶುರು’ ಎಂಬ ಗುಂಡಿಯನ್ನೇ ಒತ್ತಬೇಕೆಂಬುದು ನನ್ನ ವಿದ್ಯಾರ್ಥಿಗಳಿಗೆ ಒಗಟಾಗಿತ್ತು, ಪ್ರತಿ ತಂಡದಲ್ಲೂ ಒಬ್ಬರಾದರೂ ಅದನ್ನು ಕೇಳುತ್ತಿದ್ದರು. ಅದಕ್ಕಿಂತ ಮುಖ್ಯವಾಗಿ, ಆ ಪದ ಇಂಗ್ಲಿಷಿನದು. ಹಾಸನದ ಯಾವ ಗುಮಾಸ್ತರೂ ಆ 560 ಜನರ ನಡುವೆ ಕೂತಿರಲಿಲ್ಲ. ಇಂಗ್ಲಿಷ್ ಓದಲು ತಡವರಿಸುತ್ತಿದ್ದ ನನ್ನ ಹುಡುಗಿಯರಿಗೆ ‘ಸ್ಟಾರ್ಟ್’ ಎಂಬುದು ಪದವಾಗಿ ಅಲ್ಲ, ಚಿತ್ರವಾಗಿ ಕಲಿತ ಗುರುತು. ಕನ್ನಡ ಲಿಪಿಗೆ ವಿಂಡೋಸ್‌ನೊಳಗೇ ಜಾಗ ಸಿಕ್ಕಿದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಎಂಬ ಅಕ್ಷರವಿನ್ಯಾಸದೊಂದಿಗೆ. ಅದಕ್ಕೆ ಮುಂಚಿನ ವಿಂಡೋಸ್ 2000ದಲ್ಲಿ ದೇವನಾಗರಿಗೆ, ತಮಿಳಿಗೆ ಜಾಗವಿತ್ತು, ನಮಗಿರಲಿಲ್ಲ. ಅಷ್ಟರವರೆಗೆ ನಾವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ತುಂಬಿದ ಫಾಂಟ್‌ಗಳಲ್ಲೇ ಕೆಲಸ ನಡೆಸಿದೆವು. ಒಂದು ಯಂತ್ರದಲ್ಲಿ ಬರೆದ ಅರ್ಜಿ ಆ ಫಾಂಟ್ ಇಲ್ಲದ ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತಿತ್ತು. ಕೆಳಗಿನ ಆ ಮೂರು ಗುಂಡಿಗಳಲ್ಲಿ ಅಕ್ಷರವೇ ಇಲ್ಲದಿರುವುದನ್ನು ನೋಡುತ್ತಾ ಒಮ್ಮೆ ಅನ್ನಿಸಿತು, ಚಿತ್ರಗಳನ್ನು ಇನ್ನಷ್ಟು ಚೆನ್ನಾಗಿ ಆರಿಸಿದ್ದರೆ ನಮ್ಮಂಥವರಿಗೆ ಅದೇ ಹತ್ತಿರವಾಗುತ್ತಿತ್ತೋ ಏನೋ ಎಂದು. ಆದರೆ ಗುಮಾಸ್ತರು ಎದುರು ಕುಳಿತ ಭಾನುವಾರದ ನಂತರ ಆ ಅನಿಸಿಕೆ ನನ್ನಲ್ಲಿ ಉಳಿಯಲಿಲ್ಲ.

ಒಳಗಿನ ಯಂತ್ರಭಾಗದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಒಂದು ಪ್ರೋಗ್ರಾಂ ಹಟ ಹಿಡಿದು ಕುಳಿತರೆ ಉಳಿದವೂ ಕಾಯಬೇಕಾಗಿದ್ದ 3.1ರ ಪದ್ಧತಿಯಿಂದ, ಆಪರೇಟಿಂಗ್ ಸಿಸ್ಟಂ ತಾನೇ ಸರದಿ ಹಂಚುವ 32 ಬಿಟ್‌ನ ಪದ್ಧತಿಗೆ ದಾಟುವುದು ಶಿಕಾಗೋದ ಗುರಿಯಾಗಿತ್ತು. ಆದರೆ ಈ ಬಿಲ್ಡ್ ಅದನ್ನು ಅಳೆಯುವಷ್ಟು ಗಟ್ಟಿಯಿಲ್ಲ. ಗಂಟೆಗೊಮ್ಮೆಯಾದರೂ ಪರದೆ ಹೆಪ್ಪುಗಟ್ಟುತ್ತಿತ್ತು, ಕೆಲವು ಆಯ್ಕೆಗಳನ್ನು ಒತ್ತಿದರೆ ಏನೂ ಆಗುತ್ತಿರಲಿಲ್ಲ. ಎರಡು ವರ್ಷದ ಕೆಲಸ ಬಾಕಿ ಇರುವ ಕಟ್ಟಡದಲ್ಲಿ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲವೆಂದು ದೂರಬಾರದು. ಆದರೆ ಇದನ್ನು ದಿನನಿತ್ಯದ ಯಾವುದೇ ಕೆಲಸಕ್ಕೆ ಬಳಸಬಹುದೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಇದನ್ನು ಯಾರು ನೋಡಬೇಕು? ಹಳೆಯ ಆಟಗಳನ್ನು ಆಡುವ ಆಸೆಯಿರುವವರಿಗೆ ಇದರಲ್ಲಿ ಏನೂ ಇಲ್ಲ, ಅವರು ಬಿಡುಗಡೆಯಾದ ವಿಂಡೋಸ್ 95ರ ಕಡೆಗೇ ಹೋಗಲಿ. ಕಂಪ್ಯೂಟರ್ ಇತಿಹಾಸದ ವಿದ್ಯಾರ್ಥಿಗಳು, ಮೊಬೈಲ್‌ಗೋ ಕಚೇರಿಗೋ ಪರದೆ ರೂಪಿಸುವ ಇಲ್ಲಿನ ಇಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರು, ಅವಕಾಶ ಸಿಕ್ಕರೆ, ಒಂದು ದಿನವನ್ನು ಇದಕ್ಕೆ ಕೊಡಲಿ. ಒಬ್ಬರೇ ಕುಳಿತು ನೋಡುವುದಕ್ಕಿಂತ ಪಕ್ಕದಲ್ಲಿ ಒಬ್ಬ ಹೊಸಬರನ್ನು ಕೂರಿಸಿಕೊಳ್ಳಲಿ, ಅವರ ಕೈ ಮೊದಲು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಬರೆದುಕೊಳ್ಳಲಿ. ಸೆಟಪ್‌ಗೆ ಅರ್ಧ ದಿನ ಬೇಕೆಂದು ಲೆಕ್ಕವಿಟ್ಟುಕೊಳ್ಳಿ. ಮೆಮೊರಿಯನ್ನು 8 ಮೆಗಾಬೈಟ್‌ಗಿಂತ ಹೆಚ್ಚಿಸಲು ಹೋಗಬೇಡಿ, ನನಗಂತೂ ಅದರಿಂದ ಯಾವ ಪ್ರಯೋಜನವೂ ಕಾಣಲಿಲ್ಲ. ಮೊದಲ ಬಾರಿ ಸರಿಯಾಗಿ ಎದ್ದ ಕೂಡಲೇ ಡಿಸ್ಕ್‌ನ ಒಂದು ನಕಲನ್ನು ತೆಗೆದಿಟ್ಟುಕೊಳ್ಳಿ, ಏಕೆಂದರೆ ಎರಡನೆಯ ದಿನ ಅದು ಏಳದೆ ಹೋಗುವ ಸಾಧ್ಯತೆ ಸಾಕಷ್ಟಿದೆ. ನನಗೆ ಎರಡು ಬಾರಿ ಹಾಗಾಯಿತು, ಎರಡನೆಯ ಬಾರಿ ಆ ನಕಲೇ ಕಾಪಾಡಿತು.

ಗುಮಾಸ್ತರು ಹೊರಡುವ ಮುನ್ನ ಲೆಕ್ಕದ ಯಂತ್ರವನ್ನು ಮುಚ್ಚಲು ಬಲಮೂಲೆಗೆ ಹೋದರು. ಕಿಟಕಿ ಮುಚ್ಚಲಿಲ್ಲ. ಒಂದು ಕ್ಷಣ ತಡೆದು, ಎಡಮೂಲೆಯ ಪುಟ್ಟ ಚೌಕದ ಮೇಲೆ ಎರಡು ಬಾರಿ ಒತ್ತಿ ಮುಚ್ಚಿದರು. ಮೂವತ್ತು ವರ್ಷಗಳ ಹಿಂದೆ ಅದನ್ನು ಅವರಿಗೆ ಕಲಿಸಿದ್ದು ನಾನೇ.